ಬಾಗಿಲು ತಟ್ಟಿದವರು ಯಾರು: ಒಂದು ಪ್ರಶ್ನಾಪುಸ್ತಿಕೆಯ ವಿಮರ್ಶೆ

ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ದಿ ಮಂಕೀಸ್ ಪಾ’ ಎಂಬ, ಮೂರು ವರ ಈಡೇರಿಸುವ ಮಂಗನ ಪಂಜದ ಕಥೆಯನ್ನು ಪಾಠ ಮಾಡುವಾಗ ನಾನು ಬಳಸಿದ ಈ ಚರ್ಚಾ ಪ್ರಶ್ನೆಗಳ ಕಿರುಪುಸ್ತಿಕೆಯ ನಿಜವಾದ ಬೆಲೆ ತಿಳಿಯುವುದು ಕಥೆಯ ಕೊನೆಯ ಭಾಗದಲ್ಲಿ. ಸತ್ತ ಮಗನನ್ನು ಮರಳಿ ಬೇಡಿದ ರಾತ್ರಿ ಬಾಗಿಲು ತಟ್ಟಿದವರು ಯಾರೆಂದು ಲೇಖಕರು ಹೇಳುವುದಿಲ್ಲ. ತಂದೆ ಮೂರನೆಯ ವರ ಕೇಳಿದ ಮೇಲೆ ಉಳಿಯುವುದು ಬರಿದಾದ ರಸ್ತೆ ಮಾತ್ರ. ಪುಸ್ತಿಕೆಯೂ ಉತ್ತರ ಕೊಡದೆ, ಆ ಬಾಗಿಲು ಸಕಾಲದಲ್ಲಿ ತೆರೆದಿದ್ದರೆ ನಿಮ್ಮ ಭಯ ಹೆಚ್ಚುತ್ತಿತ್ತೇ, ಕಡಿಮೆಯಾಗುತ್ತಿತ್ತೇ ಎಂದು ಕೇಳುತ್ತದೆ, ಮತ್ತು ಆ ಒಂದು ಪ್ರಶ್ನೆಗೇ ನಮ್ಮ ಇಡೀ ಅವಧಿ ಮೀಸಲಾಯಿತು. 200 ಪೌಂಡುಗಳ ಕೋರಿಕೆ ಮಗನ ಸಾವಿನ ಪರಿಹಾರಧನವಾಗಿ ಈಡೇರುವುದನ್ನು ಕುರಿತ ಪ್ರಶ್ನೆಯೂ ಚೆನ್ನಾಗಿದೆ. ಪದಗಳ ಅರ್ಥ ಕೇಳುವ ಪುಟ ಅನಗತ್ಯ. ನೀವಾಗಿದ್ದರೆ ಏನು ಬೇಡುತ್ತಿದ್ದಿರಿ ಎಂಬ ಆತ್ಮಾವಲೋಕನದ ಪ್ರಶ್ನೆಗೆ ಉತ್ತರಿಸಲು ಬಿಟ್ಟಿರುವ ಎರಡು ಗೆರೆಗಳು ಮಕ್ಕಳಿಗೆ ಸಾಲಲಿಲ್ಲ.