ಎಸ್ಟೇಟ್ ಕಾಫಿ ಪುಡಿ ಕೊಳ್ಳುವ ಮುನ್ನ ಪೊಟ್ಟಣದ ಬೆನ್ನು ಓದಿ

ಚಿಕ್ಕಮಗಳೂರು, ಮಡಿಕೇರಿ ಕಡೆ ಪ್ರವಾಸ ಹೋಗಿ ಕಾಫಿ ಪುಡಿ ತರುವವರು ದಯವಿಟ್ಟು ಇದನ್ನು ಓದಿ. ದಾರಿಬದಿಯ ಮಸಾಲೆ ಅಂಗಡಿಯೊಂದರಿಂದ ತಂದ ಅರ್ಧ ಕೆ.ಜಿ. ಪೊಟ್ಟಣ. ಮುಂದೆ ದಪ್ಪಕ್ಷರದಲ್ಲಿ ‘ಸ್ಪೆಷಾಲಿಟಿ ಅರೇಬಿಕಾ, ಸಿಂಗಲ್ ಎಸ್ಟೇಟ್’, ಅಂದರೆ ಒಂದೇ ತೋಟದ, ಮೇಲ್ದರ್ಜೆಯ ಅರೇಬಿಕಾ ಜಾತಿಯ ಕಾಫಿ. ಬೆಲೆ ಮಾಮೂಲಿ ಫಿಲ್ಟರ್ ಪುಡಿಯ ಎರಡರಷ್ಟು.

ವಿ60ಗೆ (ಕಾಗದದ ಫಿಲ್ಟರ್ ಇಟ್ಟು ಮೇಲಿಂದ ಬಿಸಿನೀರು ಸುರಿಯುವ ಆಲಿಕೆ) 15 ಗ್ರಾಂ ಪುಡಿ, 250 ಮಿ.ಲೀ. ನೀರು, 93 ಡಿಗ್ರಿ ಶಾಖ. ಮೊದಲು 40 ಮಿ.ಲೀ. ಸುರಿದು ಅರ್ಧ ನಿಮಿಷ ಬಿಟ್ಟರೆ ತಾಜಾ ಪುಡಿ ಉಬ್ಬಿ ಗುಳ್ಳೆ ಏಳಬೇಕು. ಇಲ್ಲಿ ಒಂದು ಗುಳ್ಳೆಯೂ ಇಲ್ಲ, ಪುಡಿ ಕೆಸರಿನ ಹಾಗೆ ಕೂತುಬಿಟ್ಟಿತು. ಮೂರು ನಿಮಿಷದಲ್ಲಿ ಇಳಿಯಬೇಕಾದ ನೀರು ಏಳು ನಿಮಿಷ ಕಳೆದರೂ ಕಾಗದದ ಮೇಲೇ ನಿಂತಿತ್ತು. ಲೋಟಕ್ಕೆ ಇಳಿದದ್ದು ಸುಟ್ಟ ಬೆಲ್ಲದ ವಾಸನೆಯ, ಮಂದವಾದ ಕಹಿ. ಅರೇಬಿಕಾದ ಹಣ್ಣಿನ ಹುಳಿ ಎಲ್ಲೂ ಇಲ್ಲ.

ಪೊಟ್ಟಣ ತಿರುಗಿಸಿದರೆ ತಳದ ಮಡಿಕೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ: ಕಾಫಿ ಶೇ 60, ಚಿಕೋರಿ (ಹುರಿದು ಪುಡಿ ಮಾಡಿದ ಒಂದು ಬೇರು) ಶೇ 40. ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು, ಪ್ರಮಾಣವನ್ನು ಅಚ್ಚು ಹಾಕಬೇಕು ಎನ್ನುವುದು ನಿಯಮ. ಅಂಗಡಿಯವರು ಅಷ್ಟನ್ನು ಪಾಲಿಸಿದ್ದಾರೆ. ಆದರೆ ಮುಂಭಾಗದ ಮಾತು ನಂಬಿ ಕೊಂಡವರಿಗೆ ಅದು ಶುದ್ಧ ಮೋಸ.

ಚಿಕೋರಿಯ ಮೇಲೆ ನಮಗೆ ಕೋಪವಿಲ್ಲ. ಅದು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ಸಕ್ಕರೆ ಅಂಶ ಬೇಗ ಕರಗುತ್ತದೆ. ಆದ್ದರಿಂದಲೇ ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ ಇಳಿಯುತ್ತದೆ, ಹಾಲು ಬೆರೆಸಿದರೂ ರುಚಿ ತೆಳುವಾಗುವುದಿಲ್ಲ. ವಿ60ಯ ಕಾಗದದಲ್ಲಿ ನೀರು ಇಳಿಯದಂತೆ ತಡೆಯುವುದೂ ಇದೇ ಗುಣ. ಎಸ್ಪ್ರೆಸೊ ಯಂತ್ರಕ್ಕಂತೂ ಇಂಥ ಪುಡಿ ಬೇಡವೇ ಬೇಡ.

ಅನುಮಾನ ಬಂದರೆ ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು, ಒಂದು ಚಿಟಿಕೆ ಪುಡಿಯನ್ನು ಮೇಲೆ ಉದುರಿಸಿ. ಕಲಕಬೇಡಿ. ಕಾಫಿ ಕಣ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಎಳೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ.

ಇನ್ನೊಂದು ಕಡೆಯೂ ಜನ ಮೋಸ ಹೋಗುತ್ತಾರೆ. ‘ಪ್ಲಾಂಟೇಷನ್ ಎಎ’, ‘ಪಿಬಿ’ ಎಂದರೆ ರುಚಿಯ ದರ್ಜೆ ಎಂದುಕೊಳ್ಳುತ್ತಾರೆ. ಪ್ಲಾಂಟೇಷನ್ ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. ಎಎ, ಎ, ಬಿ ಬೀಜದ ಗಾತ್ರ, ಪಿಬಿ ಎಂದರೆ ಒಂಟಿ ದುಂಡು ಬೀಜ. ಸ್ಪೆಷಾಲಿಟಿ ಎನ್ನಿಸಿಕೊಳ್ಳಲು ಬೇಕಾದದ್ದು ಬೇರೆ: ಪರಿಣತರು ರುಚಿ ನೋಡಿ ಅಂಕ ಕೊಡುವ ಕಪ್ಪಿಂಗ್‌ನಲ್ಲಿ 100ಕ್ಕೆ 80 ಅಥವಾ ಹೆಚ್ಚು ಅಂಕ.

ಕೊಳ್ಳುವಾಗ ಹುರಿದ ದಿನಾಂಕ ಕೇಳಿ. ಪ್ಯಾಕ್ ಮಾಡಿದ ದಿನಾಂಕ ತೋರಿಸಿದರೆ ಒಪ್ಪಬೇಡಿ, ತಿಂಗಳುಗಟ್ಟಲೆ ಹಿಂದೆ ಹುರಿದದ್ದನ್ನು ನಿನ್ನೆ ತುಂಬಿರಬಹುದು. ತಳಿ ಯಾವುದು (ಎಸ್.795, ಸೆಲೆಕ್ಷನ್ 9, ಚಂದ್ರಗಿರಿ), ವಾಷ್ಡ್ (ತೊಳೆದು ಸಂಸ್ಕರಿಸಿದ) ಬೀಜವೋ ನ್ಯಾಚುರಲ್ಲೋ (ಹಣ್ಣಿನ ಸಮೇತ ಒಣಗಿಸಿದ್ದೋ), ತೋಟ ಎಷ್ಟು ಎತ್ತರದಲ್ಲಿದೆ ಎಂದು ವಿಚಾರಿಸಿ. ನಿಜವಾದ ಸ್ಪೆಷಾಲಿಟಿ ಮಾರುವವರಿಗೆ ಇದನ್ನು ಹೇಳುವುದೇ ಖುಷಿ, ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಪುಡಿಗಿಂತ ಇಡೀ ಬೀಜ ಒಳ್ಳೆಯದು, ಅದೂ 250 ಗ್ರಾಂ ಸಾಕು. ಮನೆಯಲ್ಲಿ ಗ್ರೈಂಡರ್ ಇಲ್ಲದಿದ್ದರೆ ಕೆಫೆಯಲ್ಲೇ ಪುಡಿ ಮಾಡಿಸಿ, ವಿ60ಯೋ ಫ್ರೆಂಚ್ ಪ್ರೆಸ್ಸೋ ಎಂದು ಮೊದಲೇ ಹೇಳಿ. ಒಳ್ಳೆಯ ಕೆಫೆಗಳಲ್ಲೂ ಶೆಲ್ಫಿನ ಮೂಲೆಯಲ್ಲಿ ನಾಲ್ಕು ತಿಂಗಳ ಹಳೆಯ ಚೀಲ ಉಳಿದಿರುತ್ತದೆ. ಹುರಿದು ಒಂದರಿಂದ ನಾಲ್ಕು ವಾರದೊಳಗಿನದನ್ನೇ ಆರಿಸಿ.

ಈಗಾಗಲೇ ಇಂಥ ಪುಡಿ ತಂದಿದ್ದರೆ ಬಿಸಾಡಬೇಡಿ, ಫಿಲ್ಟರ್‌ಗೆ ಹಾಕಿ ಹಾಲಿನ ಕಾಫಿ ಮಾಡಿ. ಆದರೆ ಚಿಕೋರಿ ಇದ್ದೂ ಪೊಟ್ಟಣದ ಮೇಲೆ ಅದರ ಸುಳಿವೇ ಇಲ್ಲದಿದ್ದರೆ, ಬಿಲ್ಲು ಮತ್ತು ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಇಟ್ಟುಕೊಂಡು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.