ಸ್ಟೀರಿಂಗ್ ಟಕ್ ಟಕ್ ಅಂತಿದೆಯಾ? ಕಾಲಮ್ ಬಿಚ್ಚೋಕೆ ಬಿಡುವ ಮುಂಚೆ ಇದನ್ನು ಓದಿ

ಹಳೇ ಕಾರು ಇರುವವರು, ಅದರಲ್ಲೂ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಸಣ್ಣ ಕಾರಿನವರು, ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮೈಸೂರಿಂದ ಹಾಸನಕ್ಕೆ ಓಡಾಡುತ್ತಿದ್ದ ಕಾರಿನಲ್ಲಿ ಡ್ರೈವರ್ ಏರ್‌ಬ್ಯಾಗಿಗೆ ಕನೆಕ್ಷನ್ನೇ ಇರಲಿಲ್ಲ, ಅದು ನಮಗೆ ಗೊತ್ತಾಗದ ಹಾಗೆ ಗ್ಯಾರೇಜಿನವರೇ ಮುಚ್ಚಿಟ್ಟಿದ್ದರು. ನನ್ನ ಸಿಟ್ಟು ಅದಕ್ಕೆ.

ನಮ್ಮದು 2011ರ ಮಾಡೆಲ್. ಇಂಜಿನ್ ಆನ್ ಮಾಡಿ, ಗಾಡಿ ನಿಂತಲ್ಲೇ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿದರೆ ಟಕ್ ಟಕ್ ಅನ್ನುತ್ತಿತ್ತು, ಅಂಗೈಗೂ ಗೊತ್ತಾಗುತ್ತಿತ್ತು. ಗ್ಯಾರೇಜಿನಾತ ಒಂದು ರೌಂಡ್ ಹೊಡೆದು ಬಂದು "ಸಿವಿ ಜಾಯಿಂಟ್ ಹೋಗಿದೆ ಸಾರ್" ಅಂದ (ಚಕ್ರ ತಿರುಗಿಸುವ ಆಕ್ಸಲ್ಲಿನ ತುದಿಯ ಕೀಲು). ಹಾಕಿದ. ಶಬ್ದ ಹಾಗೇ ಇತ್ತು. ಆಮೇಲೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರನ್ನು ಮೇಲ್ತುದಿಯಲ್ಲಿ ಹಿಡಿದಿಡುವ ಭಾಗ) ಅಂದ, ಅದನ್ನೂ ಬದಲಾಯಿಸಿದ. ಕೊನೆಗೆ "ಕಾಲಮ್ಮೇ ಹೋಗಿದೆ ಸಾರ್, ಹೊಸದಕ್ಕೆ ತುಂಬಾ ಆಗುತ್ತೆ, ಗುಜರಿಯಿಂದ ಒಂದು ತಂದು ಕೂರಿಸ್ತೀನಿ" ಅಂದ. ಕಾಲಮ್ ಅಂದರೆ ಸ್ಟೀರಿಂಗ್ ಚಕ್ರದಿಂದ ಕೆಳಕ್ಕೆ ಹೋಗುವ ಕಂಬ, ನಮ್ಮ ಕಾರಿನಲ್ಲಿ ಸ್ಟೀರಿಂಗ್ ಹಗುರ ಮಾಡುವ ಮೋಟರೂ ಅದರಲ್ಲೇ ಇರುತ್ತದೆ.

ಸಿವಿ ಜಾಯಿಂಟ್ ಸವೆದರೆ ಟಕ್ ಟಕ್ ಅನ್ನುವುದು ಗಾಡಿ ಓಡುವಾಗ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ ಟರ್ನ್ ಹೊಡೆಯುವಾಗ ಚಕ್ರದ ಕಡೆಯಿಂದ ಕೇಳಿಸುತ್ತದೆ. ನಿಂತ ಗಾಡಿಯಲ್ಲಿ ಆಕ್ಸಲ್ ಸುತ್ತುವುದೇ ಇಲ್ಲ, ಶಬ್ದ ಎಲ್ಲಿಂದ ಬರಬೇಕು ಹೇಳಿ? ಸ್ಟ್ರಟ್ ಮೌಂಟ್ ಅಂದರೆ ಬಾನೆಟ್ ತೆಗೆದು ಸ್ಟ್ರಟ್ಟಿನ ತಲೆ ಮೇಲೆ ಒಬ್ಬರು ಕೈ ಇಡಬೇಕು, ಇನ್ನೊಬ್ಬರು ಸ್ಟೀರಿಂಗ್ ತಿರುಗಿಸಬೇಕು, ಹಾಳಾಗಿದ್ದರೆ ಕೈಗೇ ಎಗರಿದ ಹಾಗೆ ತಾಗುತ್ತದೆ. ಪೆಡಲ್ ಹತ್ತಿರ ಸ್ಟೀರಿಂಗ್ ಶಾಫ್ಟಿಗೆ ಯೂನಿವರ್ಸಲ್ ಜಾಯಿಂಟ್ ಅನ್ನುವ ಕೀಲು ಇರುತ್ತದೆ, ಅದನ್ನೂ ಹೀಗೇ ಕೈಯಿಟ್ಟು ನೋಡಬಹುದು. ಐದು ನಿಮಿಷದ ಕೆಲಸ. ಇದರಲ್ಲಿ ಒಂದನ್ನೂ ಮಾಡದೆ ಸುಮ್ನೆ ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋದರು.

ಗುಜರಿ ಕಾಲಮ್ ಕೂರಿಸಿದ ಮೇಲೆ ಶಬ್ದವೇನೋ ನಿಂತಿತು. ಆದರೆ ಹಾರ್ನ್ ಒಂದು ಸಲ ಹೊಡೆದರೆ ಇನ್ನೊಂದು ಸಲ ಹೊಡೆಯುತ್ತಿರಲಿಲ್ಲ, ಮೀಟರಿನಲ್ಲಿ ಏರ್‌ಬ್ಯಾಗ್ ಲೈಟ್ ಆರದೆ ಉರಿಯುತ್ತಿತ್ತು. ವಾಪಸ್ ತೆಗೆದುಕೊಂಡು ಹೋದೆ. ಸಂಜೆ "ಸರಿಯಾಯ್ತು ಸಾರ್, ಸೆನ್ಸರ್ ಪ್ರಾಬ್ಲಮ್ಮು" ಅಂದರು. ಹಾರ್ನ್‌ಗೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ ಕೊಟ್ಟಿದ್ದರು. ಲೈಟ್ ಉರಿಯುತ್ತಿರಲಿಲ್ಲ.

ಹಾರ್ನ್‌ನ ಆ ಸ್ವಿಚ್ ಸರಿ ಮಾಡಿಸೋಣ ಅಂತ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದಾಗ ನಿಜ ಗೊತ್ತಾಯ್ತು. ಅವರು ಕೀ ತಿರುಗಿಸಿ ಮೀಟರ್ ನೋಡಿದವರೇ "ಏರ್‌ಬ್ಯಾಗ್ ಲೈಟ್ ಬರ್ತಾನೇ ಇಲ್ವಲ್ಲ" ಅಂದರು. ಸರಿ ಇರುವ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಆ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ಮೀಟರ್ ಬಿಚ್ಚಿದರೆ, ಆ ಲೈಟಿನ ಮೇಲೆ ಉಗುರಿನಷ್ಟು ಅಗಲದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ದಾರೆ! ಅಂಚು ನೀಟಾಗಿ ಕತ್ತರಿಸಿ, ಪಕ್ಕದ ಲೈಟಿಗೆ ತಾಗದ ಹಾಗೆ. ಅದನ್ನು ನೋಡಿ ನನ್ನ ಕೈ ನಡುಗಿತು.

ಆಗಿದ್ದು ಇಷ್ಟು. ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಇರುತ್ತದೆ, ಚಪ್ಪಟೆ ರಿಬ್ಬನ್ ಥರದ ಕೇಬಲ್ ಸುರುಳಿ. ಹಾರ್ನ್‌ಗೂ ಏರ್‌ಬ್ಯಾಗಿಗೂ ಕರೆಂಟ್ ಹೋಗುವುದು ಅದರ ಮೂಲಕ. ಮಧ್ಯದಿಂದ ಎರಡೂ ಕಡೆಗೆ ಕೆಲವೇ ಸುತ್ತು ತಿರುಗುತ್ತದೆ, ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಹರಿಯುತ್ತದೆ. ಕಾಲಮ್ ಬಿಚ್ಚುವಾಗ ಮುಂದಿನ ಚಕ್ರ ನೇರ ಮಾಡಿ, ಸ್ಟೀರಿಂಗ್ ಅಲುಗದ ಹಾಗೆ ಕಟ್ಟಬೇಕು, ಬ್ಯಾಟರಿ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಬೇಕು. ಇವರು ಹಾಗೇ ಬಿಚ್ಚಿ, ಸ್ಟೀರಿಂಗ್ ಬೇಕಾದ ಹಾಗೆ ತಿರುಗಿ, ರಿಬ್ಬನ್ ಹರಿದಿತ್ತು. ಹರಿದಿದ್ದನ್ನು ಹೇಳಿದ್ದರೆ ದುಡ್ಡು ಕೊಟ್ಟು ಹೊಸದು ಹಾಕಿಸುತ್ತಿದ್ದೆ. ಜೀವ ಉಳಿಸುವ ವಸ್ತುವಿನ ಮೇಲೆ ಟೇಪ್ ಅಂಟಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಹಳೇ ಕಾಲಮ್ಮನ್ನು ಕೇಳಿ ತಂದಿಟ್ಟುಕೊಂಡಿದ್ದೆ, ಡಿಕ್ಕಿಯಲ್ಲೇ ಇತ್ತು. ಎಲೆಕ್ಟ್ರಿಷಿಯನ್ ಪರಿಚಯದ ಸ್ಟೀರಿಂಗ್ ಮೆಕ್ಯಾನಿಕ್ ಅದರ ಮೋಟರ್ ಬಿಚ್ಚಿದರು. ಮೋಟರಿಗೂ ಸ್ಟೀರಿಂಗ್ ಶಾಫ್ಟ್ ತಿರುಗಿಸುವ ವರ್ಮ್ ಗೇರಿಗೂ ನಡುವೆ ನಕ್ಷತ್ರದ ಆಕಾರದ ಪುಟ್ಟ ರಬ್ಬರ್ ಕಪ್ಲಿಂಗ್ ಇರುತ್ತದೆ. ನಮ್ಮದು ಪುಡಿಪುಡಿಯಾಗಿ ಕೈಗೆ ಕಪ್ಪು ಹತ್ತಿಸಿತು. ಅದೇ ಟಕ್ ಟಕ್! ಐನೂರು ರೂಪಾಯಿ ಒಳಗಿನ ಸಾಮಾನು. ಅದನ್ನೂ ಹೊಸ ಕ್ಲಾಕ್ ಸ್ಪ್ರಿಂಗನ್ನೂ ಹಾಕಿ ನಮ್ಮ ಕಾಲಮ್ಮನ್ನೇ ವಾಪಸ್ ಕೂರಿಸಿದರು. ಈಗ ಶಬ್ದ ಇಲ್ಲ, ಲೈಟ್ ಹತ್ತಿ ಆರುತ್ತದೆ.

ಹಳೇ ಸಾಮಾನು ಬಿಟ್ಟು ಬರಬೇಡಿ. "ಬಿಲ್ಲು ಯಾಕೆ ಸಾರ್" ಅಂದರೆ ಅಲ್ಲೇ ಅನುಮಾನ ಪಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದೇ ಇರುವುದೂ ತಪ್ಪೇ. ಗ್ರಾಹಕ ಸಹಾಯವಾಣಿ ನಂಬರ್ 1915, ನಾನು ದೂರು ಕೊಟ್ಟಿದ್ದೇನೆ. ನಾಳೆ ಗಾಡಿ ತೆಗೆಯುವಾಗ ಕೀ ಆನ್ ಮಾಡಿ ಮೀಟರ್ ನೋಡಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಲೈಟ್ ಒಮ್ಮೆಯೂ ಹತ್ತದಿದ್ದರೆ ಮೀಟರ್ ಬಿಚ್ಚಿಸಿ ನೋಡಿಸಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಂತೂ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ನೋಡಲೇಬೇಕು.