ಟ್ಯಾಂಕಿನ ಪಾಚಿ: ಯುವಿ, ಕತ್ತಲು, ಸಕ್ಕರ್, ಪೆರಾಕ್ಸೈಡ್ – ಯಾವುದು ಯಾವುದಕ್ಕೆ?

ಮೀನಿನ ಟ್ಯಾಂಕಿನ ಪಾಚಿಗೆ ಏನಾದರೂ ಕೊಡಿ ಎಂದು ಅಂಗಡಿಗೆ ಹೋದರೆ ಕೈಗೆ ಬರುವುದು ಒಂದು ಸಕ್ಕರ್ ಮೀನು, ಇಲ್ಲವೇ ನೀಲಿ ದ್ರವದ ಬಾಟಲಿ. ಎರಡೂ ಬೇಡ. ನೀಲಿ ದ್ರವ ಹೆಚ್ಚಾಗಿ ಮೆಥಿಲೀನ್ ಬ್ಲೂ. ಅದು ಮೀನಿನ ಮೈಮೇಲೆ, ಮೊಟ್ಟೆಯ ಮೇಲೆ ಹಿಡಿಯುವ ಬೂಷ್ಟಿಗೆ ಹಾಕುವಂಥದ್ದು. ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೇ ಏಟು. ಸಕ್ಕರ್ ಮಾತು ಆಮೇಲೆ.

ಇಲ್ಲಿನ ಅಳತೆಗಳೆಲ್ಲ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ. ಲೆಕ್ಕಕ್ಕೆ 56 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಇರುವುದು ಸುಮಾರು 45 ಲೀಟರ್. 56 ಎಂದು ಹಿಡಿದು ಔಷಧಿ ಹಾಕಿದರೆ ಡೋಸ್ ಕಾಲುಭಾಗ ಹೆಚ್ಚಾಗುತ್ತದೆ.

ಮೊದಲು ಹಸಿರು ನೀರು. ಹಿಂದಿನ ಗಾಜೇ ಕಾಣದಷ್ಟು ನೀರು ಹಸಿರಾಗಿದ್ದರೆ ಪಾಚಿ ನೀರಿನಲ್ಲೇ ತೇಲುತ್ತಿದೆ ಎಂದರ್ಥ. ಫಿಲ್ಟರಿನ ಸ್ಪಂಜಿಗೆ ಅದು ಸಿಗುವುದಿಲ್ಲ, ಅಷ್ಟು ಸಣ್ಣದು. ಅರ್ಧ ನೀರು ಬದಲಿಸಿದರೂ ನಾಲ್ಕೈದು ದಿನದಲ್ಲಿ ಮತ್ತೆ ಅದೇ ಬಣ್ಣ. ಇದಕ್ಕೆ ಎರಡು ದಾರಿ. ಖರ್ಚಿಲ್ಲದ್ದು ಕತ್ತಲು: ಅರ್ಧ ನೀರು ಬದಲಿಸಿ, ಲೈಟ್ ತೆಗೆದು, ದಪ್ಪ ಕಪ್ಪು ಬಟ್ಟೆಯಿಂದ ನಾಲ್ಕೂ ಕಡೆ ಮುಚ್ಚಿ ಪೂರ್ತಿ 3 ದಿನ ಬಿಡುವುದು. ಊಟ ಹಾಕಬಾರದು. ಏರ್ ಪಂಪ್ ಮಾತ್ರ ನಿಲ್ಲಿಸಲೇಬಾರದು, ಕತ್ತಲಲ್ಲಿ ಗಿಡಗಳೂ ಪಾಚಿಯೂ ಆಮ್ಲಜನಕ ಎಳೆಯುತ್ತವೆ, ಕೊಡುವುದಿಲ್ಲ. ‘ಒಂಚೂರು ನೋಡೋಣ’ ಎಂದು ದಿನಾ ಬಟ್ಟೆ ಎತ್ತುವವರಿಗೆ ಈ ದಾರಿ ಫಲ ಕೊಡುವುದಿಲ್ಲ. ಬಟ್ಟೆ ತೆಗೆದ ಕೂಡಲೇ ಇನ್ನೊಮ್ಮೆ ಅರ್ಧ ನೀರು ಬದಲಿಸಬೇಕು. ಸತ್ತ ಪಾಚಿ ಕೊಳೆತು ಅಮೋನಿಯಾ ಏರುತ್ತದೆ, ಮೀನು ಸಾಯುವುದು ಈ ಹಂತದಲ್ಲೇ.

ಇನ್ನೊಂದು ಯುವಿ, ಅಂದರೆ ನೀರನ್ನು ಅತಿನೇರಳೆ ಬೆಳಕಿನ ಬಲ್ಬಿನ ಪಕ್ಕ ಹಾಯಿಸಿ ಪಾಚಿ ಕೊಲ್ಲುವ ಸಾಧನ. 45 ಲೀಟರಿಗೆ 5ರಿಂದ 9 ವ್ಯಾಟ್‌ನದು ಧಾರಾಳ. ಮೂರ್ನಾಲ್ಕು ದಿನದಲ್ಲಿ ನೀರು ತಿಳಿಯಾಗುತ್ತಾ ಬರುತ್ತದೆ, ವಾರದೊಳಗೆ ಗಾಜಿನಂತಾಗುತ್ತದೆ. ಕತ್ತಲಿಗಿಂತ ಇದನ್ನೇ ನಾನು ಮೇಲೆ ಇಡುವುದು, ಗಿಡಗಳು ಸೊರಗುವುದಿಲ್ಲ, ಮೀನಿಗೂ ಉಪವಾಸವಿಲ್ಲ. ಆದರೆ ದೊಡ್ಡ ಪಂಪಿಗೆ ಸಿಕ್ಕಿಸಿದರೆ ನೀರು ಬೆಳಕಿನ ಮುಂದೆ ನಿಲ್ಲದೆ ಹಾರಿಹೋಗುತ್ತದೆ, ಪಾಚಿ ಸಾಯುವುದಿಲ್ಲ. ಬೋರ್‌ವೆಲ್ ನೀರಾದರೆ ಬಲ್ಬಿನ ಸುತ್ತಲ ಗಾಜಿನ ಕೊಳವೆಗೆ ಬಿಳಿ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ವಿನೆಗರ್‌ನಲ್ಲಿ ಒರೆಸಬೇಕು. ಬಲ್ಬ್ ನೀಲಿಯಾಗಿ ಉರಿಯುತ್ತಿದ್ದರೂ ವರ್ಷ ಕಳೆದ ಮೇಲೆ ಅದರ ಕಸುವು ಇಳಿದಿರುತ್ತದೆ. ಇನ್ನೊಂದು ಮಾತು: ಗಾಜಿಗೆ, ಎಲೆಗೆ ಅಂಟಿದ ಪಾಚಿಗೆ ಯುವಿ ಏನೂ ಮಾಡುವುದಿಲ್ಲ.

ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆಗೆ ನೆರೈಟ್ ಬಸವನಹುಳಕ್ಕೆ ಸಮ ಯಾವುದೂ ಇಲ್ಲ. ಎರಡಡಿ ಟ್ಯಾಂಕಿಗೆ 3–4 ಸಾಕು. ಕಲ್ಲು, ಮರದ ತುಂಡಿನ ಮೇಲೆಲ್ಲ ಎಳ್ಳಿನಷ್ಟು ಬಿಳಿ ಮೊಟ್ಟೆ ಅಂಟಿಸುತ್ತವೆ, ಅದೊಂದೇ ಕಿರಿಕಿರಿ. ಸಿಹಿನೀರಿನಲ್ಲಿ ಅವು ಮರಿಯಾಗುವುದಿಲ್ಲ. ಸಕ್ಕರ್ ಮೀನು ಎರಡಿಂಚು ಇರುವಾಗ ಗಾಜು ನೆಕ್ಕುವುದು ನಿಜ. ಬೆಳೆದಂತೆ ಪಾಚಿ ಬಿಟ್ಟು ಮೀನಿನ ಊಟಕ್ಕೇ ಬಾಯಿ ಹಾಕುತ್ತದೆ, ಒಂದಡಿಗೂ ಮೀರಿ ಬೆಳೆಯುತ್ತದೆ, ಹಿಕ್ಕೆ ಹಾಕುವುದಕ್ಕಂತೂ ಲೆಕ್ಕವಿಲ್ಲ. ಪಾಚಿಗೆ ಗೊಬ್ಬರ ಹಾಕುವ ಪ್ರಾಣಿಯನ್ನು ಪಾಚಿ ತೆಗೆಯಲು ತಂದಂತಾಯಿತು. ದೊಡ್ಡದಾಯಿತೆಂದು ಕೆರೆಗೆ ಬಿಡುವವರಿದ್ದಾರೆ. ಕೆರೆಯ ಮೀನಿಗೆ ಅದು ಸಂಚಕಾರ.

ಕಪ್ಪು ಗಡ್ಡದ ಪಾಚಿ ಬೇರೆಯೇ ಜಾತಿ. ಫಿಲ್ಟರಿನ ಬಾಯಿ, ಅನುಬಿಯಾಸ್ ಎಲೆಯ ಅಂಚುಗಳಲ್ಲಿ ಕುಚ್ಚಾಗಿ ಹುಟ್ಟುತ್ತದೆ, ಉಜ್ಜಿದರೂ ಬಿಡುವುದಿಲ್ಲ. ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕೆ ಅಗ್ಗದ ಮದ್ದು. ಹೊರದೇಶದ ವಿಡಿಯೋಗಳಲ್ಲಿ ಹೇಳುವ ಅಳತೆ 3% ದ್ರಾವಣದ್ದು: 4 ಲೀಟರಿಗೆ 1 ಮಿ.ಲೀ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 6%, ಹಾಗಾಗಿ ಅಳತೆ ಅರ್ಧ. 45 ಲೀಟರಿಗೆ 5 ಮಿ.ಲೀ. ದಾಟಬಾರದು. ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಿಂದ ಕುಚ್ಚಿನ ಮೇಲೇ ನಿಧಾನ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. 10–15 ನಿಮಿಷ ಕಳೆದ ಮೇಲೆ ಫಿಲ್ಟರ್ ಹಾಕಿ, ಮರುದಿನ ಮೂರನೇ ಒಂದು ಪಾಲು ನೀರು ಬದಲಿಸಿ. ಎರಡು ಮೂರು ದಿನಕ್ಕೆ ಪಾಚಿ ಕೆಂಪಾಗಿ, ಆಮೇಲೆ ಬಿಳಚಿದರೆ ಸತ್ತಿದೆ. ಮಾಸ್ (ಹಾವಸೆಯಂಥ ಟ್ಯಾಂಕಿನ ಗಿಡ) ಇದ್ದ ಜಾಗಕ್ಕೆ ಬಿಡಬೇಡಿ, ಅದೂ ಸುಡುತ್ತದೆ.

ಲಿಕ್ವಿಡ್ ಕಾರ್ಬನ್ ಎಂದು ಮಾರುವ ಗ್ಲುಟರಾಲ್ಡಿಹೈಡ್ ಕೂಡ ಇದೇ ಪಾಚಿಗೆ ಕೆಲಸ ಮಾಡುತ್ತದೆ. ದಿನಕ್ಕೆ 1 ಮಿ.ಲೀ.ನಂತೆ ವಾರಗಟ್ಟಲೆ ಹಾಕಬೇಕು, ವ್ಯಾಲಿಸ್ನೇರಿಯಾ ಗಿಡ ಇದ್ದರೆ ಕರಗಿಹೋಗುತ್ತದೆ, ಕೈಗೆ ಗ್ಲೌಸ್ ಬೇಕು. ನನ್ನ ಮತ ಪೆರಾಕ್ಸೈಡಿಗೆ.

ಇಷ್ಟು ಮಾಡಿಯೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ಲೈಟ್ ಉರಿಸಿದರೆ ತಿಂಗಳಲ್ಲಿ ಎಲ್ಲ ವಾಪಸ್. ಪ್ಲಗ್‌ಗೆ ಹಾಕುವ ಟೈಮರ್ ತಂದು ದಿನಕ್ಕೆ 6 ಗಂಟೆ ಮಾತ್ರ ಉರಿಯುವಂತೆ ಕಟ್ಟಿಡಿ. ಗಿಡ ಹಸನಾದ ಮೇಲೆ 7–8ಕ್ಕೆ ಏರಿಸಬಹುದು. ಈ ಪಟ್ಟಿಯಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಟೈಮರನ್ನೇ ಕೊಳ್ಳಿ. ವಾರಕ್ಕೆ ಕಾಲುಭಾಗ ನೀರು ಬದಲಿಸುವುದು ಇದ್ದದ್ದೇ. ಆದರೆ ನಲ್ಲಿ ನೀರಿನ ನೈಟ್ರೇಟನ್ನು ಒಮ್ಮೆ ಡ್ರಾಪ್ ಕಿಟ್ಟಿನಲ್ಲಿ (ಹನಿ ಹಾಕಿ ಬಣ್ಣ ನೋಡುವ ಕಿಟ್) ನೋಡಿಕೊಳ್ಳಿ. ಕೋಲಾರದ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಮೊದಲೇ ಹೆಚ್ಚು, ಅಲ್ಲಿ ಬದಲಿಸಿದಷ್ಟೂ ಪಾಚಿಗೆ ಊಟ.

ಅಂಥ ನೀರಿನ ನೈಟ್ರೇಟ್ ಹೀರಲು ಗಿಡವೇ ಗತಿ. ಹಾರ್ನ್‌ವರ್ಟ್ ಬೇಗ ಬೆಳೆಯುತ್ತದೆ, ಆದರೆ ಹೊಸ ನೀರಿಗೆ ಬಂದಾಗ ಸೂಜಿಯೆಲೆ ಉದುರಿಸಿ ಫಿಲ್ಟರಿನ ಬಾಯಿ ಕಟ್ಟುತ್ತದೆ. ಮನಿ ಪ್ಲಾಂಟ್ ಅದಕ್ಕಿಂತ ಮೇಲು: ಮೂರ್ನಾಲ್ಕು ಗಣ್ಣಿನ ಕಡ್ಡಿ ಕತ್ತರಿಸಿ, ಕೆಳಗಿನ ಎರಡು ಗಣ್ಣು ಮಾತ್ರ ಮುಳುಗುವಂತೆ ಟ್ಯಾಂಕಿನ ಅಂಚಿಗೆ ಸಿಕ್ಕಿಸಿದರೆ ಎರಡು ವಾರದಲ್ಲಿ ಬೇರು ಇಳಿಯುತ್ತದೆ. ಎಲೆ ನೀರಿಗೆ ತಾಗಬಾರದು, ಕೊಳೆಯುತ್ತದೆ.